ಕಣದ ಮೊದಲ ತುಳಿತ

ಕುಂದೂರು
12-1-2000

ಪ್ರೀತಿಯ ಅಬ್ಬಾನಿಗೆ,

ಸಲಾಂ. ಹಬ್ಬ ಮುಗಿಸಿಕೊಂಡು ಬಂದವಳು ಇನ್ನೂ ಅಮ್ಮಿ ಕಟ್ಟಿಕೊಟ್ಟ ಡಬ್ಬಿಯನ್ನೇ ಬಿಚ್ಚಿಲ್ಲ. ಬಂದ ದಿನದಿಂದ ಆಸ್ಪತ್ರೆಯ ಜಗಲಿ ಖಾಲಿಯಾಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಫೋನಿನ ಸುತ್ತ ಯಾವಾಗಲೂ ಲಾರಿಯವರು, ದಲ್ಲಾಳಿಗಳು ಕೂತಿರುತ್ತಾರೆ. ಇದು ಅವರೆದುರು ಕೇಳುವ ಮಾತಲ್ಲ.

ಇಲ್ಲಿ ಒಂದು ಜ್ವರ ಶುರುವಾಗಿದೆ. ಕಣ್ಣು ಕೆಂಪಗಾಗುತ್ತದೆ. ಮೀನಖಂಡ ಮುಟ್ಟಿದರೆ ಗಟ್ಟಿಗರೂ ಕೂಗಿಕೊಳ್ಳುತ್ತಾರೆ. ಆಮೇಲೆ ಮೈ ಹಳದಿಯಾಗಿ ಉಚ್ಚೆ ನಿಂತುಹೋಗುತ್ತದೆ. ಕಾಮಾಲೆ ಎಂದುಕೊಂಡು ಸೊಪ್ಪಿನ ಔಷಧಿ ಕುಡಿಸುತ್ತಾ ದಿನ ಕಳೆಯುತ್ತಾರೆ. ಬೋರಯ್ಯ ಎಂಬವನನ್ನು ಹಾಗೆಯೇ ಮನೆಯಲ್ಲಿಟ್ಟುಕೊಂಡು, ಕಡೆಗೆ ನನ್ನ ಹತ್ತಿರ ತಂದರು. ಹಾಸನಕ್ಕೆ ಸಾಗಿಸುವ ದಾರಿಯಲ್ಲೇ ತೀರಿಕೊಂಡ. ಅವನ ಹೆಂಡತಿ ಹುಲಿಯಮ್ಮ ಅಳಲಿಲ್ಲ, ನನ್ನನ್ನೇ ನೋಡುತ್ತಾ ನಿಂತಿದ್ದಳು.

ಇದು ಇಲಿಜ್ವರ ಎಂದು ನನ್ನ ಅನುಮಾನ. ನಮ್ಮ ಸೀಮೆಗೆ ಹೊಸದು. ಇಲಿಯ ಉಚ್ಚೆ ಸೇರಿದ ನಿಂತ ನೀರಿನಲ್ಲಿ ಒಡೆದ ಕಾಲಿಟ್ಟುಕೊಂಡು ದುಡಿದವರಿಗೆ ಬರುತ್ತದೆ. ರಕ್ತ ಪರೀಕ್ಷೆಗೆ ಕಳಿಸಿದ್ದೇನೆ. ಬಂದವರೆಲ್ಲರನ್ನೂ ಏನು ಕೆಲಸ ಎಂದು ಕೇಳಿದೆ. ಎಲ್ಲರದೂ ಒಂದೇ ಉತ್ತರ, ಶುಂಠಿ ತೊಳೆಯುವ ಕಣ. ಯಾರ ಕಣ ಎಂದರೆ ಮಾತ್ರ ಬಾಯಿ ಹೊಲಿದುಕೊಳ್ಳುತ್ತಾರೆ. ಚೌಡಮ್ಮ ಎಂಬ ಮುದುಕಿಯಂತೂ, "ಅದ್ನೆಲ್ಲ ಕೇಳ್ಬ್ಯಾಡಿ ಡಾಕ್ಟ್ರಮ್ಮ, ನಿಮ್ಗ್ಯಾಕೆ ಆ ರಗಳೆ" ಎಂದು ನನಗೇ ಸಮಾಧಾನ ಹೇಳಿದಳು. ಬೆಳಕು ಹರಿಯುವ ಮುಂಚೆ ಒಂದು ಜೀಪು ಬಂದು ಇವರನ್ನು ತುಂಬಿಕೊಂಡು ಹೋಗುತ್ತದಂತೆ. ಅದು ಬಸ್ ಸ್ಟ್ಯಾಂಡಿಗೂ ಬರುವುದಿಲ್ಲ, ಆಸ್ಪತ್ರೆಯ ಮುಂದೆಯೂ ಹಾಯುವುದಿಲ್ಲ. ಊರಾಚೆ ಮೋರಿಯ ಹತ್ತಿರವೇ ನಿಲ್ಲುತ್ತದಂತೆ. ಕೂಲಿಗೆ ಜನ ಕರೆಯುವವರಿಗೆ ಅಷ್ಟೊಂದು ಮರೆ ಯಾಕೆ ಬೇಕು?

ಶುಂಠಿಯವರೆಲ್ಲ ನಿಮಗೆ ಗೊತ್ತು. ಕುಂದೂರಿನ ಕಡೆಯಿಂದ ಜನ ಕರೆಸಿಕೊಳ್ಳುವವರು ಯಾರು ಎಂದು ತಿಳಿಸಿ. ಒಂದು ನೋಟೀಸು ಅಚ್ಚು ಹಾಕಿಸಬೇಕೆಂದಿದ್ದೇನೆ.

ನಿಮ್ಮ ಮಗಳು
ಶೈಸ್ತಾ

*

ಹಾನುಬಾಳು
17-1-2000

ಡಾಕ್ಟರ್ ಮೇಡಂ ಅವರಿಗೆ,

ಜಬ್ಬಾರನ ಸಲಾಂ. ಅಪ್ಪನಿಗೆ ಬರೆದ ಪತ್ರವೋ ಪೊಲೀಸಿನವರ ವಿಚಾರಣೆಯೋ ಎಂದು ಎರಡು ಸಲ ಓದಬೇಕಾಯಿತು. ನಿನ್ನ ಅಮ್ಮಿ, ಡಬ್ಬಿ ಬಿಚ್ಚದಿದ್ದರೆ ಒಳಗಿರುವುದು ಬೂಷ್ಟು ಹಿಡಿಯುತ್ತದೆ ಎಂದು ಹೇಳಲು ಹೇಳಿದ್ದಾಳೆ.

ಬೇಟಾ, ಪುಷ್ಯದ ಚಳಿಗೆ ಜ್ವರ ಬರದ ವರ್ಷ ಯಾವುದಿದೆ? ಬಂದವರು ಶುಂಠಿ ಕೆಲಸದವರು ಅಂದರೆ ಶುಂಠಿಯದೇ ತಪ್ಪು ಹೇಗಾಗುತ್ತದೆ? ನಾಳೆ ಬಸ್ಸಿನಲ್ಲಿ ಬಂದವರಿಗೆ ಜ್ವರ ಬಂದರೆ ಬಸ್ಸನ್ನೂ ನಿಲ್ಲಿಸುತ್ತೀಯಾ? ಈ ಯೋಚನೆ ನಿನ್ನ ತಲೆಗೆ ತಾನಾಗಿ ಬಂದದ್ದಲ್ಲ ಎಂದು ನನಗೆ ಅನ್ನಿಸುತ್ತಿದೆ. ಯಾರೋ ಕಿವಿಯಲ್ಲಿ ಊದಿದ್ದಾರೆ. ಯಾರು?

ಕೇಳಿದ್ದೀಯ ಎಂದು ಹೇಳುತ್ತೇನೆ. ಆಲೂರು ರಸ್ತೆಯಲ್ಲಿ ಯೋಗೇಶ್ ಎಂಬವನು ಹೊಸದಾಗಿ ಕಣ ಮಾಡಿದ್ದಾನೆ. ಅವನು ಎಲ್ಲೆಲ್ಲಿಂದಲೋ ಜನ ತರುತ್ತಾನೆ. ಈಗ ಹಳ್ಳದಲ್ಲಿ ನೀರು ಇಳಿದುಹೋಗಿದೆ. ಶುಂಠಿಯನ್ನು ಗುಂಡಿಗೆ ಸುರಿದು ಮೊಣಕಾಲುದ್ದ ನೀರಿನಲ್ಲಿ ತುಳಿದರೇನೇ ಮಣ್ಣು ಬಿಡುವುದು. ನೀರಿಲ್ಲದ ಕಾಲದಲ್ಲಿ ಅದೇ ನೀರಿಗೆ ಮತ್ತೆ ಮತ್ತೆ ಸುರಿಯುತ್ತಾರೆ. ಅವನೂ ಹಾಗೇ ಮಾಡುತ್ತಿರಬೇಕು. ಹೋಗಿ ಅವನನ್ನು ಕೇಳು.

ನೋಟೀಸು ಗೀಟೀಸು ಬೇಡ. ಬೊಂಬಾಯಿಯ ಪಾರ್ಟಿ ಈಗ ತಾನೇ ಲೋಡು ಕೇಳುತ್ತಿದ್ದಾನೆ. ಹಾನುಬಾಳಿನ ಶುಂಠಿಯಲ್ಲಿ ರೋಗವಿದೆ ಎಂದು ಒಬ್ಬ ಬಾಯಿಬಿಟ್ಟರೆ ಸಾಕು, ಲಾರಿ ಅರ್ಧ ದಾರಿಯಿಂದ ವಾಪಸ್ ಬರುತ್ತದೆ. ಈ ಕಣದಿಂದಲೇ ನೀನು ಡಾಕ್ಟರಾದೆ. ಅದನ್ನು ಹೇಳಿ ತೋರಿಸಬಾರದು ಅಂದುಕೊಂಡಿದ್ದೆ, ಕೈ ಬರೆದುಬಿಟ್ಟಿತು.

ನಿನ್ನ ಅಬ್ಬಾ
ಜಬ್ಬಾರ್

*

ಕುಂದೂರು
27-1-2000

ಅಬ್ಬಾ,

ರಕ್ತದ ಫಲಿತಾಂಶ ಬಂತು. ಇಲಿಜ್ವರವೇ. ಅದರ ಮಾರನೆಯ ದಿನವೇ ನೋಟೀಸು ಹಾಕಿಸಿದೆ. ಹೆಚ್ಚೇನೂ ಬರೆದಿಲ್ಲ. "ಶುಂಠಿ ತೊಳೆಯುವ ಗುಂಡಿಗಳಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ. ಜ್ವರ, ಕೆಂಗಣ್ಣು, ಮೀನಖಂಡದ ನೋವು ಕಂಡ ದಿನವೇ ಆಸ್ಪತ್ರೆಗೆ ಬನ್ನಿ. ಮದ್ದು ಇದೆ, ತಡವಾದರೆ ಕಷ್ಟ." ಕಣದ ಹೆಸರು ಹಾಕಿಲ್ಲ.

ಹೆಸರು ಹಾಕದಿದ್ದದ್ದೇ ಎಲ್ಲರ ಬಾಯಿಗೆ ಸಿಕ್ಕಿದೆ. ಟೀ ಅಂಗಡಿಯ ಗಿಡ್ಡಯ್ಯ ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದ. "ಎಸ್ಟೇಟ್‌ನೋರು ಹಾಕ್ಸವ್ರೆ ಕಣ್ರೋ. ಕಾಫಿ ಕುಯ್ಲಿಗೆ ಆಳು ಸಿಕ್ತಿಲ್ಲ, ಶುಂಠಿ ಕಣಕ್ಕೆ ಎಲ್ಲ ಹೊಂಟೋಯ್ತಾವ್ರೆ. ಹೆದ್ರಿಸ್ಬುಟ್ರೆ ತೋಟಕ್ಕೆ ಬತ್ತಾರೆ ಅಂತ ಲೆಕ್ಕ." ಮಾತ್ರೆ ಕಂಪನಿಯವರು ನನಗೆ ಏನೋ ಕೊಟ್ಟಿದ್ದಾರೆ ಎನ್ನುವವರೂ ಇದ್ದಾರೆ. ನಿನ್ನೆ ಗೋಡೆಯ ಮೇಲಿನ ನೋಟೀಸನ್ನು ಯಾರೋ ಅರ್ಧಕ್ಕೆ ಹರಿದಿದ್ದರು. ಬೇಸರವಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು, ಏಕೆಂದರೆ ಜೀಪು ಇನ್ನೂ ಬರುತ್ತಿದೆ, ಜನ ಇನ್ನೂ ಹತ್ತುತ್ತಿದ್ದಾರೆ.

ನೀವು ಹೇಳಿದಿರಿ ಎಂದು ಯೋಗೇಶ್ ಅವರ ಕಣಕ್ಕೆ ಹೋಗಿದ್ದೆ. ಅಲ್ಲಿ ಗುಂಡಿಯೇ ಇಲ್ಲ, ಅಬ್ಬಾ. ಬೋರಿನ ನೀರನ್ನು ಪಂಪಿನಿಂದ ಜೋರಾಗಿ ಹಾಯಿಸುತ್ತಾರೆ, ಶುಂಠಿ ಜಾಲರಿಯ ಮೇಲೆ ಇರುತ್ತದೆ. ನೀರಿನಲ್ಲಿ ನಿಂತವರು ಒಬ್ಬರೂ ಕಾಣಲಿಲ್ಲ. ಅವರು ಜಗಳವಾಡಲಿಲ್ಲ. ಕುರ್ಚಿ ಹಾಕಿ ಕೂರಿಸಿ, "ನಮ್ಮಲ್ಲಿ ಕುಂದೂರಿನವರು ಯಾರೂ ಇಲ್ಲ ಮೇಡಂ. ಜೀಪು ಯಾರದು ಅಂತ ನಿಮ್ಮ ಮನೇಲಿ ಕೇಳಿ" ಎಂದರು. ನಾನು ಅವರ ಕಾಫಿಯನ್ನು ಕುಡಿಯದೆ ಎದ್ದು ಬಂದೆ.

ಆದ್ದರಿಂದ ಕೇಳುತ್ತಿದ್ದೇನೆ. ನಮ್ಮ ಜೀಪು ಕುಂದೂರಿಗೆ ಬರುತ್ತದೆಯೇ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಶೈಸ್ತಾ

*

ಹಾನುಬಾಳು
2-2-2000

ಶೈಸ್ತಾ,

ನಿನ್ನ ಲಕೋಟೆಯ ಅಂಟು ಎದ್ದಿತ್ತು. ದಾರಿಯಲ್ಲಿ ಯಾರೋ ಓದಿದ್ದಾರೆ. ಮುಂದೆ ಬರೆದರೆ ನಮ್ಮ ಬಸ್ಸಿನ ಕಂಡಕ್ಟರ್ ಶಿವಯ್ಯನ ಕೈಗೆ ಕೊಡು, ಅಂಚೆಗೆ ಹಾಕಬೇಡ.

ಯೋಗೇಶ್ ಕುರ್ಚಿ ಹಾಕಿದ, ನೀನು ಕೂತೆ. ಅಲ್ಲಿಗೆ ಎಲ್ಲ ಅರ್ಥವಾಯಿತು. ಅವನಿಗೆ ಪಂಪು ಹಾಕಿಸಲು ದುಡ್ಡು ಕೊಟ್ಟವರು ತೋಟದವರು. ಹಳೆಯ ಕಣಗಳನ್ನೆಲ್ಲ ಮುಚ್ಚಿಸಬೇಕು ಎಂದು ಅವರಿಗೆ ಎರಡು ವರ್ಷದಿಂದ ಇದೆ. ಅವರಿಗೆ ಒಂದು ಸರ್ಕಾರಿ ಮೊಹರು ಬೇಕಿತ್ತು, ನನ್ನ ಮನೆಯಲ್ಲೇ ಸಿಕ್ಕಿತು. ನೀನು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು. ನಿನ್ನನ್ನು ಆಡಿಸುವವರ ಮನಸ್ಸು ನಿನಗೆ ಗೊತ್ತಿಲ್ಲ.

ನಿನ್ನ ನೋಟೀಸಿನ ಮಾತು ಇಲ್ಲಿಗೂ ಬಂತು. ಜೀಪು ಹತ್ತುವವರು ಕಡಿಮೆಯಾದರು. ಬಂದವರೂ ಗುಂಡಿಯ ದಂಡೆಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಕಣದ ರೂಢಿ ನಿನಗೆ ಗೊತ್ತಲ್ಲ. ವರ್ಷದ ಮೊದಲ ಶುಂಠಿ ಸುರಿದಾಗ ಯಜಮಾನ ಮೊದಲು ಇಳಿದು ತುಳಿಯಬೇಕು. ಹೆಂಗಸರು ಗುಂಡಿಯ ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ನಾನು ಬಿಸ್ಮಿಲ್ಲಾ ಹೇಳಿ ಬಲಗಾಲಿಡುತ್ತೇನೆ, ಆಮೇಲೆ ಎಲ್ಲರೂ ಇಳಿಯುತ್ತಾರೆ. ನಿನ್ನೆ ಆ ಮೊದಲ ತುಳಿತವನ್ನು ಇನ್ನೊಂದು ಸಲ ಮಾಡಿದೆ. ಲುಂಗಿ ಎತ್ತಿ ಕಟ್ಟಿ, ಎಲ್ಲರ ಮುಂದೆ, ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಒಬ್ಬನೇ ತುಳಿದೆ. "ಯಜಮಾನ್ರೇ ಇಳಿದವ್ರೆ, ಇನ್ನೇನ್ ಬುಡ್ರೋ" ಎಂದು ಒಬ್ಬೊಬ್ಬರಾಗಿ ಇಳಿದರು.

ಇವತ್ತು ಎದ್ದು ನಮಾಜು ಮಾಡಿದೆ, ಎರಡು ರೊಟ್ಟಿ ಜಾಸ್ತಿಯೇ ತಿಂದೆ. ಎಲ್ಲಿದೆ ನಿನ್ನ ಜ್ವರ?

ಈ ಭಾನುವಾರ ಮನೆಗೆ ಬರಬೇಡ. ಕಣದ ಜನ ನಿನ್ನ ಮುಖ ನೋಡಿದರೆ ಮತ್ತೆ ದಂಡೆ ಹತ್ತುತ್ತಾರೆ.

ಜಬ್ಬಾರ್

*

ಕುಂದೂರು
5-2-2000

ಅಬ್ಬಾ,

ಶಿವಯ್ಯನವರ ಕೈಗೇ ಕೊಟ್ಟಿದ್ದೇನೆ. ಜೊತೆಗೆ ಒಂದು ಪೊಟ್ಟಣವಿದೆ. ಅದರಲ್ಲಿ ಮಾತ್ರೆಗಳಿವೆ. ಮೊದಲು ಅದನ್ನು ನುಂಗಿ, ಆಮೇಲೆ ಈ ಪತ್ರ ಓದಿ ಎಷ್ಟು ಬೇಕಾದರೂ ಬೈಯಿರಿ.

ಈ ಜ್ವರ ಮಾರನೆಯ ದಿನ ಬರುವುದಿಲ್ಲ. ಒಂದು ವಾರವೋ ಹತ್ತು ದಿನವೋ ಒಳಗೇ ಕೂತಿದ್ದು ಆಮೇಲೆ ಏಳುತ್ತದೆ. ನಿಮ್ಮ ಎರಡು ರೊಟ್ಟಿ ಯಾವುದಕ್ಕೂ ಸಾಕ್ಷಿಯಲ್ಲ. ಚಳಿಗಾಲದಲ್ಲಿ ನಿಮ್ಮ ಹಿಮ್ಮಡಿ ಹೇಗೆ ಒಡೆಯುತ್ತದೆ ಎಂದು ನನಗೆ ಗೊತ್ತು. ಅಮ್ಮಿ ದಿನಾ ರಾತ್ರಿ ಮೇಣ ಕಾಯಿಸಿ ಹಚ್ಚುತ್ತಿದ್ದಳು, ನೀವು ಹಲ್ಲು ಕಚ್ಚಿಕೊಂಡು ನನಗೆ ಮಗ್ಗಿ ಹೇಳಿಸುತ್ತಿದ್ದಿರಿ. ಅದೇ ಕಾಲನ್ನು ಅದೇ ನೀರಿನಲ್ಲಿ ಅರ್ಧ ದಿನ ಇಟ್ಟುಕೊಂಡಿದ್ದೀರಿ. ಅದೂ ನನ್ನ ಮೇಲಿನ ಹಟಕ್ಕೆ.

ಜೀಪು ಬರುತ್ತದೆಯೇ ಎಂದು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ಜೀಪು ಹತ್ತುವವರು ಕಡಿಮೆಯಾದರು ಎಂದು ಬರೆದಿರಿ.

ಚೌಡಮ್ಮನ ಸೊಸೆಗೂ ಜ್ವರ ಬಂತು. ಈ ಸಲ ಮೊದಲ ದಿನವೇ ಕರೆತಂದರು, ಉಳಿದಳು. ಚೌಡಮ್ಮ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು. "ನಿಮ್ಮಪ್ಪಾರ ಕಣನೇ ಕಣವ್ವ. ನಯಾಜು ಜೀಪ್ ತತ್ತಾನೆ. ಆಸ್ಪತ್ರೆ ಮುಂದೆ ಬಂದ್ರೆ ನಿಮ್ಗೆ ಗೊತ್ತಾಯ್ತದೆ ಅಂತ ಮೋರಿ ತಾವ್ಲೇ ನಿಲ್ಸು ಅಂದವ್ರಂತೆ ಸಾಬ್ರು. ನಾವ್ ಹೆಂಗವ್ವ ಹೇಳದು? ನೀವು ಬಂದ್ಮ್ಯಾಕೇ ಈ ಆಸ್ಪತ್ರೇಲಿ ಬಾಗ್ಲು ತೆಗ್ದದ್ದು. ಅಪ್ಪ ಮಗಳ್ಗೆ ಜಗಳ ಆಗಿ ನೀವು ಬುಟ್ಟೋಗ್ಬುಟ್ರೆ ನಾವೆಲ್ಲಿಗೆ ಹೋಗಣ?"

ನನ್ನ ಮನೆ ಉಳಿಯಲಿ ಎಂದು ಕಾಯಿಲೆಯವರು ಬಾಯಿ ಕಟ್ಟಿಕೊಂಡಿದ್ದರು. ನನಗೆ ನಾಚಿಕೆಯಾಗುತ್ತಿದೆ ಅಬ್ಬಾ, ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ. ಗುಂಡಿಯನ್ನು ಇವತ್ತೇ ಖಾಲಿ ಮಾಡಿಸಿ. ನಯಾಜ್ ಅಣ್ಣನಿಗೆ ಜೀಪು ತರಬೇಡ ಎನ್ನಿ.

ಮಾತ್ರೆ ನುಂಗಿದಿರಾ?

ಶೈಸ್ತಾ

*

ಹಾನುಬಾಳು
13-2-2000

ಮುದ್ದು ಮಗಳು ಶೈಸ್ತಾಗೆ,

ಅಮ್ಮಿ ಜೈನಾಬಿಯ ದುವಾ. ನಾನು ಬರೆಯದೆ ಎಷ್ಟೋ ವರ್ಷವಾಯಿತು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಬರೆಯಬೇಕಂತೆ, ನಿನ್ನ ಅಬ್ಬಾ ಹೇಳಿದ್ದಾರೆ. ಅವರಿಗೆ ಜ್ವರ ಬಂದಿದೆ ಎಂದು ಮಾತ್ರ ಬರೆಯಬಾರದಂತೆ. ಮಗಳಿಗೆ ತಿಳಿದರೆ ಕಣದವರಿಗೆ ತಿಳಿದ ಹಾಗೆ, ಕಣದವರಿಗೆ ತಿಳಿದರೆ ಊರಿಗೆಲ್ಲ ತಿಳಿದ ಹಾಗೆ ಎನ್ನುತ್ತಾರೆ. ಮೂವತ್ತು ವರ್ಷ ಅವರ ಮಾತು ಮೀರಿಲ್ಲ. ಅದಕ್ಕೆ ಅದನ್ನು ನಾನು ಬರೆಯುತ್ತಿಲ್ಲ.

ಬೇರೆ ಸುದ್ದಿ ಬರೆಯುತ್ತೇನೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ನಾಲ್ಕು ದಿನದಿಂದ ಕಿಟಕಿ ಮುಚ್ಚಿಸಿದ್ದಾರೆ. ಕಣ್ಣು ಕೆಂಪಗಿದೆ. ನೆನ್ನೆ ಕಾಲು ಒತ್ತಲು ಹೋದೆ, ಮೀನಖಂಡಕ್ಕೆ ಕೈ ತಾಗಿದ್ದೇ ತಡ, ಕೂಗಿಕೊಂಡರು. ಅವರು ಕೂಗಿದ್ದನ್ನು ನಾನು ಕೇಳಿದ್ದೇ ಇಲ್ಲ. ಕೋಳಿ ಸಾರು ಬೇಡವಂತೆ. ಬೆಳಿಗ್ಗೆಯಿಂದ ಹಿತ್ತಲಿಗೆ ಎದ್ದು ಹೋಗಿಲ್ಲ. ಶರ್ಟು ಒಗೆಯಲು ಹಾಕುವಾಗ ಜೇಬಿನಲ್ಲಿ ನೀನು ಕಳಿಸಿದ ಪೊಟ್ಟಣ ಸಿಕ್ಕಿತು, ಕಟ್ಟಿದ ದಾರ ಹಾಗೇ ಇದೆ.

ಇಷ್ಟೇ ಸಮಾಚಾರ. ಶಿವಯ್ಯನಿಗೆ, ಮಧ್ಯಾಹ್ನದ ಟ್ರಿಪ್ಪಿನಲ್ಲೇ ನಿನ್ನ ಕೈಗೆ ಮುಟ್ಟಿಸು ಎಂದು ಹೇಳಿ ಕೊಟ್ಟಿದ್ದೇನೆ. ವಾಪಸ್ ಹೋಗುವ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದಂತೆ.

ನಿನ್ನ ಅಮ್ಮಿ

*

ಕುಂದೂರು
2-3-2000

ಪ್ರೀತಿಯ ಅಬ್ಬಾನಿಗೆ,

ನಿಮ್ಮನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ಬಿಟ್ಟು ಬಂದು ಡ್ಯೂಟಿ ಮಾಡುವುದು ಕಷ್ಟವಾಗುತ್ತಿದೆ. ನಿನ್ನೆ ಅಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ದೆ. ಮೂತ್ರ ಚೆನ್ನಾಗಿ ಹೋಗುತ್ತಿದೆ, ಇನ್ನು ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಹಾಕುವ ಅಗತ್ಯವಿಲ್ಲ ಎಂದರು. ಫೋನಿಟ್ಟ ಮೇಲೆ ಔಷಧಿ ಕೋಣೆಗೆ ಹೋಗಿ ಅತ್ತೆ.

ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ಹಾನುಬಾಳಿನ ಜಬ್ಬಾರ್ ಸಾಬರಿಗೆ ಅದೇ ಜ್ವರ ಬಂತಂತೆ, ಮಗಳು ರಾತ್ರೋರಾತ್ರಿ ಘಾಟಿ ಇಳಿಸಿಕೊಂಡು ಹೋದಳಂತೆ ಎಂದು. ನೋಟೀಸನ್ನು ಈಗ ಯಾರೂ ಹರಿಯುತ್ತಿಲ್ಲ. ಆದರೆ ನನ್ನನ್ನು ನೋಡುವ ನೋಟ ಬೇರೆಯಾಗಿದೆ. ಮೊನ್ನೆ ಬೋರಯ್ಯನ ಹೆಂಡತಿ ಹುಲಿಯಮ್ಮ ಬಂದಿದ್ದಳು. ಕಾಯಿಲೆಗಲ್ಲ. ಸಾಲಿನಲ್ಲಿ ಕೂತು, ತನ್ನ ಸರದಿ ಬಂದ ಮೇಲೆ ಒಳಗೆ ಬಂದು ಕೇಳಿದಳು. "ನಮ್ಮೆಜ್ಮಾನ್ರು ಸತ್ತಾಗ ಯಾವ ಕಣ ಅಂತ ನಿಮ್ಗೆ ಗೊತ್ತಿರ್ಲಿಲ್ವಂತೆ. ನಿಮ್ಮಪ್ಪಾರನ್ನ ಮಾತ್ರ ರಾತ್ರಿಗ್ರಾತ್ರಿನೇ ಮಂಗ್ಳೂರಿಗೆ ಹೊತ್ಕಂಡೋದ್ರಿ. ಗೋಡೆ ಮ್ಯಾಲೆ ಆ ಹೆಸ್ರು ಇವತ್ಗೂ ಇಲ್ಲ." ಇಷ್ಟು ಹೇಳಿ ಎದ್ದು ಹೋದಳು.

ಎರಡನೆಯ ನೋಟೀಸು ಬರೆಯಬೇಕು. ಅದರಲ್ಲಿ ಹೆಸರು ಇರಬೇಕು. ಆ ಗುಂಡಿಯಲ್ಲಿ ನಿಂತವರಲ್ಲಿ ಸಕಲೇಶಪುರದ ಕಡೆಯವರೂ ಇದ್ದಾರಂತೆ. ಅವರಿಗೆ ಜ್ವರ ಬಂದರೆ ಯಾವ ಜ್ವರ ಎಂದು ಅವರಿಗೆ ಹೊಳೆಯಬೇಕು. ಇದೆಲ್ಲ ನನಗೆ ಗೊತ್ತು. ಮೂರು ದಿನದಿಂದ ಕಾಗದ ಮುಂದಿಟ್ಟುಕೊಂಡು ಕೂರುತ್ತಿದ್ದೇನೆ, ಆ ಜಾಗ ಬಂದಾಗ ಕೈ ನಿಲ್ಲುತ್ತದೆ.

ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ಕೇಳುವ ಹಾಗೂ ಇಲ್ಲ. ಬೇರೆ ಯಾರಿಗೆ ಹೇಳಿಕೊಳ್ಳಲಿ ಎಂದು ತಿಳಿಯದೆ ಬರೆದೆ.

ನಿಮ್ಮ
ಶೈಸ್ತಾ

*

ಮಂಗಳೂರು
9-3-2000

ಬೇಟಾ ಶೈಸ್ತಾ,

ನರ್ಸಮ್ಮ ದಿಂಬು ಒರಗಿಸಿ ಕೂರಿಸಿದ್ದಾಳೆ. ನಾನು ಬರೆಯುವುದನ್ನು ಅವಳೂ ಓದುತ್ತಿದ್ದಾಳೋ ಏನೋ, ಓದಲಿ.

ನೀನು ಆ ರಾತ್ರಿ ವ್ಯಾನು ತಂದು ಬಾಗಿಲಲ್ಲಿ ನಿಂತಾಗ, ಗೆದ್ದೆ ಎಂದು ತೋರಿಸಲು ಬಂದಳು ಎಂದುಕೊಂಡೆ. ಅಂಥ ಜ್ವರದಲ್ಲೂ ಬುದ್ಧಿ ಅಲ್ಲಿಗೇ ಹೋಯಿತು ನೋಡು. ನೀನು ನೇರ ಒಳಗೆ ಬಂದು ನನ್ನ ಕಾಲು ಮುಟ್ಟಿ ನೋಡಿದೆ. ನಾನು ಕೂಗಿದೆ, ನೀನು ಅತ್ತೆ. ಡಾಕ್ಟರು ರೋಗಿಯ ಮುಂದೆ ಅಳಬಾರದು ಎಂದು ನಿನಗೆ ಕಲಿಸಲಿಲ್ಲವೇ?

ಒಂದು ಗುಮಾನಿ ಮಾತ್ರ ಇನ್ನೂ ಹೋಗಿಲ್ಲ. ನಿನ್ನ ಮೊದಲ ಪತ್ರವನ್ನು ಇಲ್ಲಿ ಮಲಗಿಕೊಂಡು ನೆನೆದೆ. ಜನ ಕರೆಸಿಕೊಳ್ಳುವವರು ಯಾರು ಎಂದು ಕೇಳಿದೆಯಲ್ಲ, ಆಗಲೇ ನಿನಗೆ ಅಂದಾಜಿತ್ತು. ನಾನೇ ಬಾಯಿಬಿಟ್ಟು ಹೇಳಲಿ ಎಂದು ಕಾದೆ. ನಾನು ನಿನ್ನನ್ನು ಯೋಗೇಶನ ಬಾಗಿಲಿಗೆ ಕಳಿಸಿದೆ. ಆ ಗುಂಡಿಯಲ್ಲಿ ಎಷ್ಟು ಇಲಿ ಈಜಾಡುತ್ತವೆ ಎಂದು ಕಣ್ಣಾರೆ ಕಂಡವನು ನಾನು. ಇಲಿ ಇಲ್ಲದ ಕಣ ಎಲ್ಲಿದೆ ಎಂದು ಸುಮ್ಮನಿದ್ದೆ. ಬೋರಯ್ಯ ಸತ್ತ ಸುದ್ದಿ ನಿನ್ನ ಪತ್ರಕ್ಕಿಂತ ಮುಂಚೆಯೇ ನನಗೆ ಬಂದಿತ್ತು. ಜೀಪನ್ನು ಮೋರಿಯ ಹತ್ತಿರ ನಿಲ್ಲಿಸು ಎಂದು ನಯಾಜನಿಗೆ ಹೇಳಿದ್ದು ಆವತ್ತು.

ಎರಡನೆಯ ನೋಟೀಸು ನೀನು ಬರೆಯಬೇಡ. ನೀನು ಬರೆದರೆ ಮಗಳು ಅಪ್ಪನನ್ನು ಬಲಿ ಕೊಟ್ಟು ಒಳ್ಳೆಯವಳಾದಳು ಎನ್ನುತ್ತಾರೆ, ಬರೆಯದಿದ್ದರೆ ಮುಚ್ಚಿಟ್ಟಳು ಎನ್ನುತ್ತಾರೆ. ನಮ್ಮ ಜನರ ಬಾಯಿ ನನಗೆ ಗೊತ್ತು, ಈ ಎರಡು ತಿಂಗಳು ನನ್ನದೂ ಅದೇ ಬಾಯಿ. ನಾನೇ ಬರೆದಿದ್ದೇನೆ. ನಯಾಜ್ ಅಚ್ಚು ಹಾಕಿಸಿ ತರುತ್ತಾನೆ. ಹೀಗಿದೆ:

"ಹಾನುಬಾಳಿನ ಜಬ್ಬಾರ್ ಆದ ನಾನು ತಿಳಿಸುವುದೇನೆಂದರೆ, ನನ್ನ ಶುಂಠಿ ಕಣದ ಗುಂಡಿಯ ನೀರಿನಿಂದ ಇಲಿಜ್ವರ ಹರಡಿದೆ. ಬೋರಯ್ಯ ತೀರಿಕೊಂಡದ್ದು ಈ ನೀರಿನಿಂದ. ನನಗೂ ಬಂದಿದೆ. ಡಾಕ್ಟರು ಹೇಳಿದ್ದು ನಿಜ. ನಾನು ತುಳಿದದ್ದನ್ನು ನೋಡಿ ಗುಂಡಿಗೆ ಇಳಿದವರು ದಯವಿಟ್ಟು ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ."

ಗಿಡ್ಡಯ್ಯನ ಅಂಗಡಿಗೆ ಒಂದು ಅಂಟಿಸು. ಮೋರಿಯ ಹತ್ತಿರ ಒಂದು. ಗುಂಡಿಗೆ ಮಣ್ಣು ತುಂಬಿಸಲು ಹೇಳಿದ್ದೇನೆ. ಯೋಗೇಶನಿಗೆ ಫೋನ್ ಮಾಡಿ ಪಂಪು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವನು ನಗಲಿಲ್ಲ, ಅಂಗಡಿಯ ಹೆಸರು ಹೇಳಿದ. ಬೊಂಬಾಯಿಯವನು ಈ ವರ್ಷ ಬೇಡ ಎಂದಿದ್ದಾನೆ.

ಬಕ್ರೀದಿಗೆ ಮುಂಚೆ ಬಿಡುತ್ತಾರಂತೆ. ಮನೆಗೆ ಹೋಗುವ ಮೊದಲು ಕುಂದೂರಿಗೆ ಬರುತ್ತೇನೆ. ಜೀಪು ಮೋರಿಯ ಹತ್ತಿರ ನಿಲ್ಲುವುದಿಲ್ಲ, ಊರೊಳಗೆ ಹುಲಿಯಮ್ಮನ ಬಾಗಿಲಿಗೇ ಹೋಗುತ್ತದೆ. ಅವಳಿಗೆ ಓದು ಬರುವುದಿಲ್ಲವಂತೆ. ಆ ನೋಟೀಸನ್ನು ನಾನೇ ಓದಿ ಹೇಳಬೇಕು.

ನೀನು ಮಾತ್ರ ಅಲ್ಲಿಗೆ ಬರಬೇಡ. ನೀನು ಪಕ್ಕದಲ್ಲಿದ್ದರೆ ಡಾಕ್ಟರಮ್ಮನ ಮುಖ ನೋಡಿ ಅವಳು ನನ್ನನ್ನು ಬೈಯದೆ ಸುಮ್ಮನಾಗುತ್ತಾಳೆ.

ನಿನ್ನ ಅಬ್ಬಾ
ಜಬ್ಬಾರ್